ಹನ್ನೆರಡನೇ ಗುಂಡಿ: ಮಿಸ್ಟ್ ಆಟದ ದಿಕ್ಸೂಚಿಗೆ ಕಟ್ಟಿದ ರಟ್ಟಿನ ಚಕ್ರ

ದಸರಾ ರಜೆಗೆ ಧಾರವಾಡಕ್ಕೆ ಬಂದ ಅಕ್ಕನ ಮಗ ಅಟ್ಟ ಹತ್ತಿ ಒಂದು ಸಿಡಿ ಹಿಡಿದುಕೊಂಡು ಇಳಿದ. ನಾನು ಸಿವಿಲ್ ಡಿಪ್ಲೊಮಾ ಓದುವಾಗ ಗೆಳೆಯನೊಬ್ಬ ಕೊಟ್ಟಿದ್ದ ಮಿಸ್ಟ್ ಆಟ ಅದು. ಆಗ ಅರ್ಧಕ್ಕೇ ಬಿಟ್ಟಿದ್ದೆ. ಬಿಟ್ಟ ಜಾಗ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು: ಬಂಡೆಯೊಳಗೆ ಸಿಕ್ಕಿಕೊಂಡ ಹಡಗು, ಅದರ ಕೆಳಗೆಲ್ಲೋ ಒಂದು ದಿಕ್ಸೂಚಿ, ಸುತ್ತಲೂ ಗುಂಡಿಗಳು, ತಪ್ಪು ಗುಂಡಿ ಒತ್ತಿದರೆ ಕಗ್ಗತ್ತಲು.

ಈ ಸಲ ಅದನ್ನು ಬಿಡಿಸಿಯೇ ತೀರಬೇಕು ಅಂತ ಇಬ್ಬರೂ ಕೂತೆವು. ನಾಲ್ಕು ದಿನ ಹಿಡಿಯಿತು. ಮಾಡಿದ್ದನ್ನು ಮಾಡಿದ ಹಾಗೆಯೇ ಇಲ್ಲಿ ಬರೆದಿಟ್ಟಿದ್ದೇನೆ. ಉತ್ತರವೂ ಇದರೊಳಗೇ ಇದೆ, ಆದ್ದರಿಂದ ಸ್ವಂತ ಬಿಡಿಸುವ ಆಸೆ ಇದ್ದವರು ಮೊದಲು ಆಟ ಮುಗಿಸಿ ಬನ್ನಿ.

ಸಿಡಿಯಿಂದ ಆಟ ಎಬ್ಬಿಸಿದ್ದು

ಸಿಡಿಯ ಮೈಮೇಲೆ ಧೂಳು, ಬೆರಳಿನ ಗುರುತು, ನಾಲ್ಕಾರು ಗೀರು. ಸೋಪಿನ ನೀರಲ್ಲಿ ಅದ್ದಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿದೆ. ಗೋಲಾಕಾರ ಒರೆಸಬಾರದು, ಮಾಹಿತಿ ಬರೆದಿರುವುದು ಸುತ್ತು ಸುತ್ತಾಗಿ. ಆ ಸುತ್ತಿನ ಉದ್ದಕ್ಕೇ ಗೀರು ಬಿದ್ದರೆ ಡ್ರೈವ್ ಓದಲಾರದು, ಅಡ್ಡಗೀರನ್ನಾದರೆ ಹೇಗೋ ದಾಟಿಕೊಳ್ಳುತ್ತದೆ.

ಆ ಕಾಲದ ವಿಂಡೋಸ್ ಆವೃತ್ತಿ 16 ಬಿಟ್‌ನದು. ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಅದು ತೆರೆಯುವುದೇ ಇಲ್ಲ. ಹಾಗಾಗಿ ಸಿಡಿಯಲ್ಲಿದ್ದ ಫೈಲ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ನಕಲು ಮಾಡಿ, ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶಕ್ಕೆ ಆ ಫೋಲ್ಡರ್ ತೋರಿಸಿದೆ. ಅದು ಹಳೆಯ ಪ್ರೋಗ್ರಾಮನ್ನು ಮುಟ್ಟದೆ ಆಟದ ಚಿತ್ರ, ಸದ್ದು, ಚಲನಚಿತ್ರದ ತುಣುಕುಗಳನ್ನು ತಾನೇ ಓದಿಕೊಂಡು ಆಡಿಸುತ್ತದೆ. ಒಂದು ಫೈಲ್ ಎರಡು ಸಲ ಅರ್ಧಕ್ಕೇ ನಿಂತು ಮೂರನೇ ಸಲಕ್ಕೆ ಬಂತು. ಅದಕ್ಕೇ ಮೊದಲ ಸಂಜೆ ಕಳೆಯಿತು.

ಮಿಸ್ಟ್ ಬಗ್ಗೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಕಡೆಯ ಸಯಾನ್ ಎಂಬ ಪುಟ್ಟ ತಂಡದಿಂದ 1993ರ ಸೆಪ್ಟೆಂಬರಿನಲ್ಲಿ ಮ್ಯಾಕಿಂಟೋಷ್‌ಗೆ ಬಂದ ಆಟ ಅದು. ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರ ಕೆಲಸ. ಕಂಪ್ಯೂಟರಿನಲ್ಲಿ ಬಿಡಿಸಿದ ಎರಡು ಸಾವಿರಕ್ಕೂ ಹೆಚ್ಚು ಸ್ಥಿರಚಿತ್ರಗಳನ್ನು ಹೈಪರ್‌ಕಾರ್ಡ್ ತಂತ್ರಾಂಶದಲ್ಲಿ ಒಂದರ ಹಿಂದೊಂದು ಪೋಣಿಸಿದ್ದಾರೆ. ಒಂದು ಕಡೆ ಒತ್ತಿದರೆ ಮುಂದಿನ ಚಿತ್ರ, ಅಷ್ಟೇ. ಹೊಡೆದಾಟ ಇಲ್ಲ, ಅವಸರ ಮಾಡುವ ಗಡಿಯಾರ ಇಲ್ಲ. ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ನಿರ್ಜನ ದ್ವೀಪದಲ್ಲಿ ನೀವೊಬ್ಬರೇ, ಗಾಳಿಯ ಸದ್ದು, ಯಾರೋ ಬಿಟ್ಟುಹೋದ ಯಂತ್ರಗಳು. ಅವುಗಳ ಮುಂದೆ ನಿಂತು, ಇದನ್ನು ಕಟ್ಟಿದವನು ಏನು ಯೋಚಿಸಿರಬೇಕು ಅಂತ ನೀವೇ ತಿಳಿಯಬೇಕು. ಯಂತ್ರದ ಜೊತೆ ಕೆಲಸ ಮಾಡುವ ಯಾರಿಗಾದರೂ ಇದು ಒಳಗೆ ತಟ್ಟುತ್ತದೆ. ನನಗಂತೂ ಇಂದಿಗೂ ಇದಕ್ಕಿಂತ ಹೆಚ್ಚು ಹಿಡಿಸಿದ ಆಟ ಇಲ್ಲ.

ದ್ವೀಪದಿಂದ ಬೇರೆ ಬೇರೆ ಲೋಕಗಳಿಗೆ ಪುಸ್ತಕಗಳ ಮೂಲಕ ಹೋಗಬೇಕು. ಆ ಲೋಕಗಳಿಗೆ ಆಟದಲ್ಲಿ ಯುಗ ಅಂತ ಹೆಸರು. ನಮ್ಮ ಗಂಟು ಇದ್ದದ್ದು ಸ್ಟೋನ್‌ಶಿಪ್ ಯುಗದಲ್ಲಿ.

ಕತ್ತಲು, ಮೂರು ಸಲ

ಸ್ಟೋನ್‌ಶಿಪ್‌ನಲ್ಲಿ ಎಲ್ಲವೂ ನೀರಲ್ಲಿ ಮುಳುಗಿದೆ. ಮೂರು ಗುಂಡಿಗಳ ಒಂದು ಪಂಪಿದೆ. ಒಂದು ಗುಂಡಿ ದೀಪಸ್ತಂಭದ ನೀರು ತೆಗೆಯುತ್ತದೆ, ಒಂದು ಬಂಡೆಯೊಳಗಿನ ಸುರಂಗಗಳದ್ದು, ಇನ್ನೊಂದು ಹಡಗಿನ ಕೆಳಮನೆಯದ್ದು. ಒಂದು ಬಾರಿಗೆ ಒಂದೇ.

ದೀಪಸ್ತಂಭದ ಕೆಲಸ ಹುಡುಗ ಒಬ್ಬನೇ ಬಿಡಿಸಿದ, ಅದನ್ನು ಇಲ್ಲಿ ಹೇಳಲೇಬೇಕು. ನೀರು ತೆಗೆದು ಕೆಳಗಿಳಿದರೆ ತಳದಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ನಲ್ಲಿ. ಪೆಟ್ಟಿಗೆಯ ಕೀಲಿಕೈ ಮಾತ್ರ ಮೇಲಿನ ನೆಲಕ್ಕೆ ಸರಪಳಿ ಹಾಕಿ ಕಟ್ಟಿದ್ದಾರೆ. ಕೀಲಿಕೈ ಕೆಳಗೆ ಬರದು, ಪೆಟ್ಟಿಗೆ ಮೇಲೆ ಬರದು. ಹುಡುಗ ಹತ್ತು ನಿಮಿಷ ಸುಮ್ಮನೆ ಕೂತ. ಆಮೇಲೆ ನಲ್ಲಿ ತಿರುಗಿಸಿ ಪೆಟ್ಟಿಗೆಯೊಳಗಿನ ನೀರು ಬಿಟ್ಟ, ನಲ್ಲಿ ಮತ್ತೆ ಬಂದ್ ಮಾಡಿದ, ಹೊರಗೆ ಹೋಗಿ ದೀಪಸ್ತಂಭಕ್ಕೆ ನೀರು ತುಂಬಿಸಿದ. "ಬಾವ್ಯಾಗ ಖಾಲಿ ಕೊಡ ತೇಲ್ತದಲ್ಲ ಮಾಮಾ, ಹಂಗ" ಅಂದ. ಪೆಟ್ಟಿಗೆ ತೇಲಿಕೊಂಡು ಮೇಲೆ ಬಂತು. ಅದರೊಳಗಿನ ಕೀಲಿಕೈಯಿಂದ ಮೇಲಿನ ಬಾಗಿಲು ತೆರೆಯಿತು. ಅಲ್ಲಿ ಕೈಯಿಂದ ತಿರುಗಿಸುವ ಜನರೇಟರ್ ಮತ್ತು ಬ್ಯಾಟರಿ. ತಿರುಗಿಸಿ ಚಾರ್ಜ್ ಮಾಡಿದರೆ ಸುರಂಗದಲ್ಲಿ ದೀಪ. ಬ್ಯಾಟರಿ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ, ಮತ್ತೆ ಹೋಗಿ ತಿರುಗಿಸಬೇಕು.

ಸುರಂಗದ ಮೆಟ್ಟಿಲ ನಡುವೆ, ಗೋಡೆಯಲ್ಲಿ ಅಡಗಿದ ಒಂದು ಬಾಗಿಲು. ಅದರಾಚೆ ದಿಕ್ಸೂಚಿಯ ಕೋಣೆ. ನಕ್ಷತ್ರದಂತೆ ಚಾಚಿದ ಮೊನೆಗಳು, ಸುತ್ತ 32 ಗುಂಡಿಗಳು. ಅಂಕಿ ಒಂದೂ ಇಲ್ಲ.

ಸುಳಿವು ಹೊರಗೆ, ಬಂಡೆಯ ತುದಿಯಲ್ಲಿದೆ. ಅಲ್ಲಿ ಒಂದು ದುರ್ಬೀನು ಇಟ್ಟಿದ್ದಾರೆ. ತಿರುಗಿಸಿದಂತೆ ಡಿಗ್ರಿ ಅಂಕಿ ಸರಿಯುತ್ತದೆ. ಸುತ್ತ ಬರೀ ನೀರು, 135ರ ಹತ್ತಿರ ಮಾತ್ರ ದೀಪಸ್ತಂಭ. ಬೇರೆ ಏನೂ ಕಾಣುವುದಿಲ್ಲ, ಆದ್ದರಿಂದ 135 ಎಂಬುದೇ ಸುಳಿವು. ಇಲ್ಲಿವರೆಗೆ ಕಷ್ಟ ಇಲ್ಲ.

ಮೊದಲ ಗುಂಡಿಯನ್ನು ಹುಡುಗ ಅಂದಾಜಿನ ಮೇಲೆ ಒತ್ತಿದ. ದೀಪಗಳೆಲ್ಲ ಆರಿದವು. ಹೊರಗೆ ಹೋಗಿ, ದೀಪಸ್ತಂಭ ಹತ್ತಿ, ಜನರೇಟರ್ ತಿರುಗಿಸಿ, ವಾಪಸು ಸುರಂಗಕ್ಕೆ. ನಮಗೆ ಒಂದು ಸುತ್ತಿಗೆ ಹೆಚ್ಚುಕಡಿಮೆ 4 ನಿಮಿಷ. ಒಂದೊಂದಾಗಿ ಒತ್ತುತ್ತಾ ಹೋಗಿ ಕೊನೆಯದೇ ಸರಿಯಾದರೆ 31 ತಪ್ಪಿಗೆ ಎರಡು ಗಂಟೆಯ ಮೇಲೆ. ಆಟ ಸೇವ್ ಮಾಡಿಕೊಂಡು ಒತ್ತಿದ್ದರೆ ಅಷ್ಟು ತಿರುಗಾಟ ಬೇಕಿರಲಿಲ್ಲ. ಆದರೆ ಕತ್ತಲೆಯ ದಂಡ ಇರುವುದೇ ಊಹೆ ಬಿಟ್ಟು ಲೆಕ್ಕ ಹಿಡಿಯಲಿ ಅಂತ, ಅದನ್ನು ತಪ್ಪಿಸಿಕೊಳ್ಳುವುದು ಬೇಡ ಅಂದೆ. ಹುಡುಗನೂ ಒಪ್ಪಿದ.

ಲೆಕ್ಕ ಸುಲಭ. ಪೂರ್ತಿ ವೃತ್ತ 360, ಗುಂಡಿ 32, ಒಂದರಿಂದ ಒಂದಕ್ಕೆ 11.25 ಡಿಗ್ರಿ. 135ನ್ನು 11.25ರಿಂದ ಭಾಗಿಸಿದರೆ 12, ಶೇಷ ಉಳಿಯುವುದಿಲ್ಲ. ಶೇಷವಿಲ್ಲದೆ ಬಂದದ್ದೇ ದಾರಿ ಸರಿ ಇದೆ ಅನ್ನುವುದಕ್ಕೆ ಗುರುತು. ಮೇಲಿನ ತುದಿಯನ್ನು ಉತ್ತರ ಅಂತ ಹಿಡಿದು, ಪ್ರದಕ್ಷಿಣೆಯ ದಿಕ್ಕಿನಲ್ಲಿ ಎಣಿಸಿ ಹನ್ನೆರಡನೆಯದನ್ನು ಒತ್ತು ಅಂದೆ.

ಒತ್ತಿದ. ಮತ್ತೆ ಕತ್ತಲು.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ. ಹುಡುಗ ಹೇಗೆ ಎಣಿಸಿದ ಅಂತ ನಾನು ಕೇಳಲಿಲ್ಲ. ನೇರವಾಗಿ ನನ್ನ ಲೆಕ್ಕವನ್ನೇ ಅನುಮಾನಿಸಿದೆ. ಡಿಪ್ಲೊಮಾದಲ್ಲಿ ಪ್ರಿಸ್ಮ್ಯಾಟಿಕ್ ಕಂಪಾಸ್ ಹಿಡಿದು ಸರ್ವೆ ಮಾಡಿದವನು ನಾನು. ಅದರಲ್ಲಿ ಡಿಗ್ರಿ ಬರೆದ ಉಂಗುರ ಸೂಜಿಗೇ ಅಂಟಿಕೊಂಡು ತಿರುಗುತ್ತದೆ, ಸೊನ್ನೆ ಇರುವುದು ಉತ್ತರದ ತುದಿಯಲ್ಲಲ್ಲ, ದಕ್ಷಿಣದ ತುದಿಯಲ್ಲಿ. ನೋಡುವವನ ಕಣ್ಣು, ಅಂಕಿ ಓದಿಸುವ ಗಾಜು ಅಂದರೆ ಪ್ರಿಸ್ಮು ಇರುವುದು ಗುರಿಯ ಎದುರು ಬದಿಗೆ. ಉತ್ತರಕ್ಕೆ ಗುರಿ ಇಟ್ಟಾಗ ಪ್ರಿಸ್ಮಿನ ಕೆಳಗೆ ಬರುವುದು ದಕ್ಷಿಣದ ತುದಿ, ಅಲ್ಲಿ ಸೊನ್ನೆ ಓದಬೇಕು ಅಂತ ಅದನ್ನು ಹಾಗೆ ಕೆತ್ತಿರುತ್ತಾರೆ. ಆಟದ ದಿಕ್ಸೂಚಿಯೂ ಹಾಗೇ ಇರಬಹುದಲ್ಲ? ಸೊನ್ನೆ ಕೆಳಗಿದ್ದರೆ ಹನ್ನೆರಡನೇ ಗುಂಡಿ ಎಲ್ಲಿಗೆ ಬರುತ್ತದೆ? ಮೇಲಿನಿಂದ ಎಣಿಸಿದರೆ 28ನೆಯದು, ಅಂದರೆ 315 ಡಿಗ್ರಿ.

ಇನ್ನೊಂದು ಯೋಚನೆಯೂ ಬಂತು. ಸರ್ವೆಯಲ್ಲಿ ಉತ್ತರದಿಂದ ಅಳೆದ ಕೋನಕ್ಕೆ ಬೇರಿಂಗ್ ಅಂತಾರೆ, ಒಂದು ಗೆರೆಗೆ ಅದರ ಎರಡು ಓದುವಿಕೆ. ಈ ತುದಿಯಿಂದ ಆ ತುದಿಗೆ ಫೋರ್ ಬೇರಿಂಗ್, ಆ ತುದಿಯಿಂದ ಈ ತುದಿಗೆ ಬ್ಯಾಕ್ ಬೇರಿಂಗ್, ಎರಡಕ್ಕೂ ಅಂತರ 180. ಬಂಡೆಯಿಂದ ದೀಪಸ್ತಂಭ 135 ಆದರೆ ದೀಪಸ್ತಂಭದಿಂದ ಬಂಡೆ 315. ಬೆಳಕು ಬರುವುದು ದೀಪಸ್ತಂಭದ ಕಡೆಯಿಂದ ತಾನೆ? ಎರಡು ಬೇರೆ ಬೇರೆ ದಾರಿ ಹಿಡಿದರೂ ಒಂದೇ ಗುಂಡಿಗೆ ಬಂದೆವಲ್ಲ ಅಂತ ನನಗೆ ಪೂರ್ತಿ ಧೈರ್ಯ ಬಂತು.

28 ಒತ್ತಿದೆವು. ಕತ್ತಲು.

ಆ ರಾತ್ರಿ ಮಲಗಿದಾಗ ಹೊಳೆಯಿತು, ಅವು ಎರಡು ದಾರಿಗಳೇ ಅಲ್ಲ. ಸೊನ್ನೆಯನ್ನು ದಕ್ಷಿಣಕ್ಕೆ ಒಯ್ದರೂ 180 ಕೂಡಿದಂತೆ, ಬ್ಯಾಕ್ ಬೇರಿಂಗ್ ತೆಗೆದರೂ 180 ಕೂಡಿದಂತೆ. ಒಂದೇ ತಪ್ಪಿಗೆ ಎರಡು ಅಂಗಿ ತೊಡಿಸಿ, ಇಬ್ಬರು ಸಾಕ್ಷಿ ಸಿಕ್ಕರು ಅಂತ ನಂಬಿದ್ದೆ.

ಚಕ್ರ ಕಟ್ಟಿದ್ದು

ಬಾಯಿಲೆಕ್ಕ ಸಾಕು, ಕೈಯಲ್ಲಿ ಹಿಡಿದು ತಿರುಗಿಸುವಂಥದ್ದು ಬೇಕು ಅನ್ನಿಸಿತು. ಬೆಳಗ್ಗೆ ಎದ್ದು ಸಾಮಾನು ಕೂಡಿಸಿದೆವು: ಬೂಟಿನ ಡಬ್ಬಿಯ ರಟ್ಟು, ಹಳೆಯ ಪೇಪರ್, ಕೈವಾರ, ಕೋನಮಾಪಕ, ಗುಂಡುಸೂಜಿ, ಫೆವಿಕಾಲ್, ಒಂದು ಸಣ್ಣ ನಟ್ಟು-ಬೋಲ್ಟು.

ಮೊದಲ ಅಡ್ಡಿ, 11.25 ಡಿಗ್ರಿಯನ್ನು ಗುರುತು ಮಾಡುವುದು ಹೇಗೆ? ಶಾಲೆಯ ಕೋನಮಾಪಕದಲ್ಲಿ ಒಂದೊಂದು ಡಿಗ್ರಿಯ ಗೀಟು ಮಾತ್ರ ಇರುತ್ತದೆ. ಕಾಲು ಡಿಗ್ರಿಯನ್ನು ಕಣ್ಣಳತೆಯಲ್ಲಿ ಇಡುತ್ತಾ 32 ಸಲ ಹೋದರೆ ಕೊನೆಗೆ ಮೊದಲ ಗೀಟಿಗೆ ಕೂಡುವುದಿಲ್ಲ. ಇದಕ್ಕೆ ಕೋನಮಾಪಕವೇ ಬೇಡ. 32 ಅಂದರೆ ಎರಡನ್ನು ಐದು ಸಲ ಗುಣಿಸಿದ್ದು, ಅದಕ್ಕೆ ಕಾಗದ ಮಡಚಿದರೆ ಸಾಕು. ಹಡಗಿನವರ ದಿಕ್ಸೂಚಿಯಲ್ಲಿ 32 ಮೊನೆ ಬಂದದ್ದೂ ಹೀಗೇ: ನಾಲ್ಕು ದಿಕ್ಕು, ಅರ್ಧ ಮಾಡಿದರೆ ಎಂಟು, ಮತ್ತೆ ಅರ್ಧಕ್ಕೆ ಹದಿನಾರು, ಮತ್ತೆ ಅರ್ಧಕ್ಕೆ ಮೂವತ್ತೆರಡು. ಹಡಗಿನ ಯುಗದಲ್ಲಿ ಮಿಲ್ಲರ್ ಅಣ್ಣತಮ್ಮಂದಿರು ಅದನ್ನೇ ಇಟ್ಟದ್ದು ನನಗೆ ಬಹಳ ಇಷ್ಟವಾಯಿತು.

ಪೇಪರಿನಲ್ಲಿ 20 ಸೆಂ.ಮೀ. ಅಡ್ಡಳತೆಯ ಗೋಲ ಕತ್ತರಿಸಿ ಮಡಚತೊಡಗಿದೆವು. ಮೂರು ಮಡಿಕೆವರೆಗೆ ಚೆನ್ನಾಗಿ ಬಂತು. ನಾಲ್ಕನೆಯದಕ್ಕೆ ಚೂಪು ತುದಿ ದಪ್ಪವಾಗಿ ಒಳಗಿನ ಪದರು ಜಾರಿತು. ಬಿಚ್ಚಿ ನೋಡಿದರೆ ಒಂದು ಭಾಗ ದೊಡ್ಡದು, ಪಕ್ಕದ್ದು ಸಣ್ಣದು. ಎರಡನೇ ಗೋಲದಲ್ಲಿ ಮೂರು ಮಡಿಕೆ ಆದ ಮೇಲೆ ಪೂರ್ತಿ ಬಿಚ್ಚಿ, ಪಕ್ಕಪಕ್ಕದ ಎರಡು ಗೆರೆಗಳನ್ನು ಒಂದರ ಮೇಲೊಂದು ಕೂಡಿಸಿ ನಡುವೆ ಹೊಸ ಗೆರೆ ಎಬ್ಬಿಸುತ್ತಾ ಹೋದೆವು. ಒಂದು ಸುತ್ತಿಗೆ 16, ಇನ್ನೊಂದು ಸುತ್ತಿಗೆ 32. ಮುಕ್ಕಾಲು ಗಂಟೆ ಹಿಡಿದರೂ ಗೆರೆ ಅಚ್ಚುಕಟ್ಟಾಗಿ ಬಂದವು.

ಅಂಚಿನಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಸುಮಾರು 19.6 ಮಿ.ಮೀ. ಬರಬೇಕು. ಅಳೆದಾಗ ಎಲ್ಲೂ ಒಂದು ಮಿ.ಮೀ.ಗಿಂತ ಹೆಚ್ಚು ತಪ್ಪಿರಲಿಲ್ಲ. ಈ ಗೋಲದಲ್ಲಿ ಒಂದು ಮಿ.ಮೀ. ಅಂದರೆ ಅರ್ಧ ಡಿಗ್ರಿಯ ಆಸುಪಾಸು, ನಮ್ಮ ಕೆಲಸಕ್ಕೆ ಧಾರಾಳ. ಪೇಪರನ್ನು ರಟ್ಟಿನ ಮೇಲಿಟ್ಟು ಒಂದೊಂದು ಗೆರೆಯ ತುದಿಗೂ ಗುಂಡುಸೂಜಿ ಚುಚ್ಚಿ ಗುರುತು ಇಳಿಸಿದೆವು.

ಚಕ್ರ ಎರಡು ಪದರಿನದು. ಹೊರಗಿನ ರಟ್ಟು ಕದಲುವುದಿಲ್ಲ, ಅದರ ಮೇಲೆ 32 ಗೀಟು, ಪ್ರತಿ ಗೀಟಿಗೂ ಅಂಕಿ, ಕೆಳಗೆ ಡಿಗ್ರಿ. ಒಳಗಿನ ಸಣ್ಣ ರಟ್ಟು ಬೋಲ್ಟಿನ ಮೇಲೆ ತಿರುಗುತ್ತದೆ, ಅದರ ಮೇಲೆ ಎಂಟು ದಿಕ್ಕು: ಉತ್ತರ, ಈಶಾನ್ಯ, ಪೂರ್ವ, ಆಗ್ನೇಯ, ದಕ್ಷಿಣ, ನೈಋತ್ಯ, ಪಶ್ಚಿಮ, ವಾಯವ್ಯ. ಒಳಗಿನದನ್ನು ತಿರುಗಿಸಿ ಉತ್ತರವನ್ನು ಎಲ್ಲಿ ಬೇಕಾದರೂ ಇಡಬಹುದು, ನನ್ನ ಪ್ರಿಸ್ಮ್ಯಾಟಿಕ್ ಕಂಪಾಸಿನ ಗೊಂದಲವನ್ನು ಕಣ್ಣಾರೆ ನೋಡಬಹುದು.

ಅಂಕಿ ಬರೆಯುವಾಗ ಹುಡುಗ ಪೆನ್ನು ಎತ್ತಿ ಮೇಲಿನ ಗೀಟಿಗೆ 1 ಅಂತ ಬರೆದ.

"ಯಾಕಪಾ, ಅದಕ್ಕ ಒಂದು ಯಾಕ?" ಅಂದೆ.

"ಮತ್ತ ಮೊದಲನೇದಕ್ಕ ಒಂದೇ ಅಲ್ಲೇನು ಮಾಮಾ? ಮೊನ್ನಿನೂ ಹಂಗ ಎಣಸಿದ್ದೆ."

ಅಲ್ಲಿ ಸಿಕ್ಕಿತು. ಉತ್ತರವನ್ನೇ ಒಂದು ಅಂತ ಎಣಿಸಿದರೆ ಹನ್ನೆರಡನೆಯದಕ್ಕೆ ಹೋಗುವಾಗ ಹನ್ನೊಂದೇ ಹೆಜ್ಜೆ ಹಾಕಿದಂತೆ, 123.75 ಡಿಗ್ರಿ. ನನ್ನ ಲೆಕ್ಕ ಮೊದಲಿನಿಂದಲೂ ಸರಿಯಿತ್ತು, ಎಣಿಕೆ ಒಂದು ಹೆಜ್ಜೆ ಕಡಿಮೆಯಾಗಿತ್ತು. ನಾನು ಆ ಹೊತ್ತು ಒಂದೇ ಒಂದು ಪ್ರಶ್ನೆ ಕೇಳಿದ್ದರೆ 315ರ ತನಕ ಅಲೆಯುವುದು ತಪ್ಪುತ್ತಿತ್ತು.

ಆದರೆ ಅವನಿಗೆ ಹೇಗೆ ಒಪ್ಪಿಸುವುದು? ಡಿಗ್ರಿ ಸೊನ್ನೆಯಿಂದ ಶುರುವಾಗುತ್ತದೆ ಅಂದೆ, ತಲೆ ಆಡಿಸಿದ, ಮುಖದಲ್ಲಿ ಮಾತ್ರ ಒಪ್ಪಿಗೆ ಕಾಣಲಿಲ್ಲ. ಪಕ್ಕದಲ್ಲಿ ಹೂವು ಕಟ್ಟುತ್ತಾ ಕೂತಿದ್ದ ಅವ್ವ ಕೈ ನಿಲ್ಲಿಸಿದಳು.

"ನೀ ಗುಡಿ ಸುತ್ತು ಹಾಕೂ ಮುಂದ, ಬಾಗಲದಾಗ ನಿಂತಕೂಡ್ಲೆ ಒಂದು ಅಂತೀ ಏನು? ನಡದ ಮ್ಯಾಲಲ್ಲೇನು ಎಣಸೂದು?"

ಹುಡುಗ ಏನೂ ಅನ್ನದೆ 1 ಹೊಡೆದುಹಾಕಿ 0 ಬರೆದ. ನಿಂತದ್ದು ಎಣಿಕೆಗೆ ಬರುವುದಿಲ್ಲ, ನಡೆದದ್ದು ಬರುತ್ತದೆ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಅಂಕಿ ಎಲ್ಲ ತುಂಬಿ, ಒಳಚಕ್ರದ ಉತ್ತರವನ್ನು ಸೊನ್ನೆಗೆ ಕೂಡಿಸಿ, 12ರ ಗೀಟಿಗೆ ಗುಂಡುಸೂಜಿ ಚುಚ್ಚಿದೆ. ಎದುರಿಗೆ ಬಂದದ್ದು ಆಗ್ನೇಯ. ಆಮೇಲೆ ಒಳಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಉತ್ತರವನ್ನು ಕೆಳಗೆ ತಂದೆ. ಆಗ್ನೇಯ ನೇರ 28ರ ಎದುರಿಗೆ ಹೋಯಿತು. ನನ್ನ ಎರಡು ಸಾಕ್ಷಿಗಳೂ ಒಂದೇ ಅರ್ಧ ಸುತ್ತಿನಲ್ಲಿ ಅಡಗಿದ್ದವು ಅನ್ನುವುದು ಹುಡುಗನಿಗೂ ಕಂಡಿತು. ಅಪ್ರದಕ್ಷಿಣವಾಗಿ ಎಣಿಸಿದರೆ? 20ರ ಗೀಟು, 225 ಡಿಗ್ರಿ, ನೈಋತ್ಯ. ಹಾಗಾಗಿ ಸಾಧ್ಯ ಇದ್ದದ್ದು ನಾಲ್ಕೇ: 11, 12, 20, 28. ಎರಡು ಆಗಲೇ ಬಿದ್ದುಹೋಗಿದ್ದವು.

ಇಲ್ಲೊಂದು ಮಾತು. ಎಂಟು ದಿಕ್ಕಿನ ಹೆಸರು ಬಾಯಿಪಾಠ ಇದ್ದವರಿಗೆ ಈ ಭಾಗಾಕಾರವೂ ಬೇಡ. ಒಂದು ದಿಕ್ಕಿನಿಂದ ಇನ್ನೊಂದಕ್ಕೆ 45 ಡಿಗ್ರಿ, ಅಂದರೆ ನಾಲ್ಕು ಗುಂಡಿ. ಉತ್ತರದಿಂದ ಈಶಾನ್ಯ, ಪೂರ್ವ, ಆಗ್ನೇಯ, ಮೂರು ದಿಕ್ಕು ದಾಟಿದರೆ 135. ಮೂರು ನಾಲ್ಕಲೇ ಹನ್ನೆರಡು.

ಅವ್ವ ಚಕ್ರ ಕೈಗೆ ತೆಗೆದುಕೊಂಡು ಸೂಜಿ ಇದ್ದ ಕಡೆ ನೋಡಿದಳು. "ಆಗ್ನೇಯ ಅಂದ್ರ ಒಲಿ ಇಡೂ ಮೂಲಿ. ದೀಪ ಅಲ್ಲೇ ಇರಬೇಕಲ್ಲ, ಇದರಾಗ ಹುಡುಕೂದು ಏನೈತಿ?"

ಸ್ಪೋಕೇನ್‌ನಲ್ಲಿ ಕೂತು ಈ ಆಟ ಬರೆದವರಿಗೆ ಅಗ್ನಿಯ ಮೂಲೆ ಗೊತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ನೀರೇ ತುಂಬಿದ ಆ ಲೋಕದಲ್ಲಿ ದೀಪ ಉರಿಯುವ ಒಂದೇ ಗೋಪುರ, ನಮ್ಮ ಮನೆಯಲ್ಲಿ ಒಲೆ ಉರಿಯುವ ಮೂಲೆಯ ಕಡೆಗೇ ನಿಂತಿದೆ. ಈ ಕಡೆ ಮನೆ ಕಟ್ಟಿಸುವವರಿಗೆ ನಕ್ಷೆ ಬರೆಯುವಾಗ ಅಡುಗೆಮನೆಯನ್ನು ಆಗ್ನೇಯಕ್ಕೆ ಎಷ್ಟು ಸಲ ಸರಿಸಿಕೊಟ್ಟಿದ್ದೇನೋ, ನನಗೇ ಅದು ಹೊಳೆದಿರಲಿಲ್ಲ.

ಒತ್ತಿದ್ದು

ಸಂಜೆ ಮತ್ತೆ ಕೂತೆವು. ಹುಡುಗ ದೀಪಸ್ತಂಭ ಹತ್ತಿ ಜನರೇಟರನ್ನು ಬೇಕಾದ್ದಕ್ಕಿಂತ ಹೆಚ್ಚೇ ತಿರುಗಿಸಿದ. ಸುರಂಗದ ನೀರು ತೆಗೆದು, ಮೆಟ್ಟಿಲಿಳಿದು, ಅಡಗಿದ ಬಾಗಿಲು ತೆರೆದು ದಿಕ್ಸೂಚಿಯ ಮುಂದೆ ನಿಂತ. ನಾನು ಚಕ್ರವನ್ನು ಪರದೆಯ ಪಕ್ಕಕ್ಕೆ ಹಿಡಿದೆ. ಅವನು ಮೇಲಿನ ಗುಂಡಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ "ಸೊನ್ನಿ" ಅಂದ. ಆಮೇಲೆ ಒಂದು, ಎರಡು. ನಾಲ್ಕಕ್ಕೆ ಈಶಾನ್ಯ ಅಂದೆ, ಎಂಟಕ್ಕೆ ಪೂರ್ವ ಅಂದೆ. ಹನ್ನೆರಡಕ್ಕೆ ಅವನೇ "ಆಗ್ನೇಯ" ಅಂದು ಒತ್ತಿದ.

ದೀಪ ಆರಲಿಲ್ಲ. ಹೊರಗೆ, ನೀರಿನೊಳಗೆ ಬೆಳಕು ಹತ್ತಿತು.

ಹುಡುಗ ಕುರ್ಚಿ ಬಿಟ್ಟು ಎದ್ದು ಅಡುಗೆಮನೆಗೆ ಓಡಿದ, "ಅಜ್ಜಿ, ಹತ್ತಿತು!" ಅಂತ. ನಾನು ಪರದೆಯ ಮುಂದೆ ಸುಮ್ಮನೆ ಕೂತಿದ್ದೆ. ಅರ್ಧಕ್ಕೆ ಬಿಟ್ಟ ದಿನ ಹಾಸ್ಟೆಲ್‌ನಲ್ಲಿ ನಾನು ಕಂಡದ್ದು ಕತ್ತಲಷ್ಟೇ. ಅದರಾಚೆ ಇಂಥ ತಿಳಿನೀಲಿ ಬೆಳಕು ಇದೆ ಅಂತ ಇಷ್ಟು ವರ್ಷಕ್ಕೆ ಕಂಡೆ.

ಉಳಿದದ್ದು ಬೇಗ ಆಯಿತು. ಮೇಲೆ ಬಂದು ಪಂಪಿನಿಂದ ಹಡಗಿನ ನೀರು ತೆಗೆದೆವು. ಮೊದಲು ಕತ್ತಲಾಗಿದ್ದ ಕೆಳಮನೆಗೆ ಈಗ ಹೊರಗಿನ ಬೆಳಕು ಬೀಳುತ್ತಿತ್ತು. ಅಲ್ಲಿನ ಮೇಜು ಮುಟ್ಟಿದಾಗ ವಾಪಸು ಮಿಸ್ಟ್ ದ್ವೀಪಕ್ಕೆ ಒಯ್ಯುವ ಪುಸ್ತಕ ಮೂಡಿತು.

ಚಕ್ರ ಕಟ್ಟಲು ಹೊರಟವರಿಗೆ ಎರಡು ಮಾತು. ಒಳಗಿನ ರಟ್ಟನ್ನು ಹೊರಗಿನದಕ್ಕಿಂತ ಕನಿಷ್ಠ ಮೂರು ಸೆಂ.ಮೀ. ಚಿಕ್ಕದಾಗಿ ಕತ್ತರಿಸಿ, ನಮ್ಮದರಲ್ಲಿ ಡಿಗ್ರಿ ಬರೆಯಲು ಜಾಗ ಸಾಲದೆ ಎರಡು ಸಲ ಕತ್ತರಿಸಬೇಕಾಯಿತು. ಬೋಲ್ಟನ್ನು ಬಿಗಿಯಾಗಿ ತಿರುಗಿಸಬೇಡಿ, ರಟ್ಟು ಒಳಕ್ಕೆ ಕುಸಿದು ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ನಡುವೆ ಅಂಗಿಯ ಗುಂಡಿಯೊಂದನ್ನು ವಾಷರಿನ ಹಾಗೆ ಕೊಟ್ಟರೆ ಸಲೀಸು.

ರಜೆ ಮುಗಿಯಲು ಇನ್ನೂ ಮೂರು ದಿನ ಇದೆ. ಸೆಲೆನಿಟಿಕ್ ಎಂಬ ಇನ್ನೊಂದು ಯುಗದಲ್ಲಿ ಹಳಿಗಳ ಮೇಲೆ ಓಡುವ ಒಂದು ವಾಹನ ಇದೆ. ಅಲ್ಲಿ ದಿಕ್ಕನ್ನು ಹೇಳುವುದು ಸದ್ದು: ನಾಲ್ಕು ದಿಕ್ಕಿಗೆ ನಾಲ್ಕು ಸದ್ದು, ಮೂಲೆಗಳಿಗೆ ಎರಡೆರಡು ಸೇರಿದ ಸದ್ದು. ಹುಡುಗ ಆಗಲೇ ಚಕ್ರದ ಬೆನ್ನಿಗೆ ಬಿಳಿ ಕಾಗದ ಅಂಟಿಸಿ ಎಂಟು ದಿಕ್ಕು ಬರೆದಿದ್ದಾನೆ, ಪ್ರತಿಯೊಂದರ ಮುಂದೆಯೂ ಸದ್ದಿಗೆ ಜಾಗ ಬಿಟ್ಟು.